ಮಿಶ್ರ ಬ್ಯಾಚು: ಬಳಸುವವರ ಕೈಪಿಡಿ (ಹೊಳೆನರಸೀಪುರ ಮಾದರಿ)

ಅಭಿನಂದನೆಗಳು. ಇಂದಿನಿಂದ ನೀವು ಒಂದು ಕಂಪ್ಯೂಟರ್ ಕ್ಲಾಸಿನ ಒಡೆಯರು. ಮಿಕ್ಸಿ ಕೊಂಡವರಿಗೆ ಪೆಟ್ಟಿಗೆಯ ತಳದಲ್ಲಿ ಒಂದು ಪುಸ್ತಕ ಸಿಗುತ್ತದೆ, ಅದನ್ನು ಯಾರೂ ಓದುವುದಿಲ್ಲ. ಕಂಪ್ಯೂಟರ್ ಹೇಳಿಕೊಡಲು ಕೂತವರಿಗೆ ಓದದೆ ಬಿಡಲಿಕ್ಕೂ ಒಂದು ಪುಸ್ತಕ ಇಲ್ಲ. ಆ ಕೊರತೆ ನೀಗಲೆಂದು ಇದನ್ನು ಸಿದ್ಧಪಡಿಸಿದೆ. ಉಪಕರಣವನ್ನು, ಅಂದರೆ ಬ್ಯಾಚನ್ನು, ಚಾಲೂ ಮಾಡುವ ಮುಂಚೆ ಓದಿಕೊಳ್ಳಿ. ಪುರಸೊತ್ತಿಲ್ಲ ಎನ್ನುವವರು ‘ಎಚ್ಚರಿಕೆ’ ಎಂದಿರುವ ಭಾಗವನ್ನಾದರೂ ಓದಿ.

ಪೆಟ್ಟಿಗೆಯೊಳಗೆ ಏನೇನಿದೆ

ಜನ ಹನ್ನೆರಡು. ಯಂತ್ರ ಎಂಟು, ಓಡುವುದು ಆರು. ಯುಪಿಎಸ್ ಒಂದು, ಅದು ಕೂಗುವುದಕ್ಕೆ ಮಾತ್ರ. ಎಲ್ಲ ಬಿಡಿಭಾಗಗಳೂ ಇವೆಯೇ ಎಂದು ಹಾಜರಿ ಕರೆದು ಖಾತ್ರಿ ಮಾಡಿಕೊಳ್ಳಿ.

ಒಬ್ಬ ಬಿ.ಸಿ.ಎ. ಹುಡುಗ. ರಜದಲ್ಲಿ ಮನೆಯಲ್ಲಿ ಬಿದ್ದಿರಬೇಡ ಎಂದು ಅಪ್ಪ ಅಟ್ಟಿದ್ದಾರೆ. ನೀವು ‘ಸ್ಟಾರ್ಟ್ ಬಟನ್’ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನು ನಾಲ್ಕು ಕಿಟಕಿ ತೆರೆದಿರುತ್ತಾನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬಿಟ್ಟು ಬೇರೆ ರೀತಿ ಟೈಪ್ ಮಾಡಿದವನಲ್ಲ.

ಟೈಪಿಂಗ್ ಸೀನಿಯರ್ ಪಾಸಾದ ಒಬ್ಬ ಅಮ್ಮ. ಹತ್ತು ಬೆರಳೂ ಕೆಲಸ ಮಾಡುತ್ತವೆ, ಕೀಬೋರ್ಡ್ ಕಡೆ ನೋಡುವುದೇ ಇಲ್ಲ. ಮೌಸನ್ನು ಮಾತ್ರ ಬಿಸಿ ಪಾತ್ರೆಯ ಹಾಗೆ ಹಿಡಿಯುತ್ತಾರೆ.

ಸರ್ಕಾರಿ ಕಚೇರಿಯ ಒಬ್ಬ ಪ್ರಥಮ ದರ್ಜೆ ಸಹಾಯಕರು. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ 2012ರ ನಿಯಮಗಳು ಬಂದಂದಿನಿಂದ ಇಂಥವರೊಬ್ಬರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಇವರಿಗೆ ಬೇಕಾದದ್ದು ಕಂಪ್ಯೂಟರ್ ಅಲ್ಲ, ‘ಪರೀಕ್ಷೆಗೆ ಏನು ಬರುತ್ತೆ, ಅಷ್ಟು ಹೇಳಿ ಸಾರ್’.

ಒಬ್ಬ ಅಂಗನವಾಡಿ ಕಾರ್ಯಕರ್ತೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮಕ್ಕಳ ತೂಕ, ಎತ್ತರ ತುಂಬಿ ತುಂಬಿ ಹೆಬ್ಬೆರಳು ಪಳಗಿದೆ. ಡೇಟಾ ಎಂಟ್ರಿಯಲ್ಲಿ ನಿಮಗಿಂತ ಅನುಭವಸ್ಥೆ. ಮಾನಿಟರಿನ ಗಾಜನ್ನು ಬೆರಳಲ್ಲಿ ಒತ್ತಿ ‘ಇದು ತಗೊಳ್ತಾ ಇಲ್ಲ ಸಾರ್’ ಎನ್ನುವವರು ಇವರೇ.

ಹಳ್ಳಿಮೈಸೂರು ಕಡೆಯ ಒಬ್ಬ ಗೌಡರು. ಪಹಣಿ ತಾವೇ ತೆಗೆಯಬೇಕು, ಮಧ್ಯದವರಿಗೆ ಕಾಸು ಕೊಟ್ಟು ಸಾಕಾಗಿದೆ. ಒಬ್ಬ ನಿವೃತ್ತ ಪ್ರೈಮರಿ ಮೇಷ್ಟ್ರು, ಮಗಳು ಪರದೇಶದಲ್ಲಿ. ಉಳಿದ ಆರು ಜನ ಪಿಯುಸಿ ಮುಗಿಸಿದ ಹುಡುಗಿಯರು. ಇವರು ನೀವು ಹೇಳಿದ್ದನ್ನೆಲ್ಲ ಕೆಂಪು ಮತ್ತು ನೀಲಿ ಶಾಯಿಯಲ್ಲಿ ನೋಟ್ಸ್ ಮಾಡಿಕೊಳ್ಳುತ್ತಾರೆ. ‘ಮೌಸಿಗೆ ಎರಡು ಗುಂಡಿಗಳಿವೆ’ ಎಂಬುದೂ ಪುಸ್ತಕದಲ್ಲಿ ಅಡಿಗೆರೆ ಸಮೇತ ಇರುತ್ತದೆ. ಮೌಸನ್ನು ಮುಟ್ಟಿರುವುದಿಲ್ಲ.

ಪ್ರವೇಶದ ಫಾರಂನಲ್ಲಿ ‘ಬೇಸಿಕ್’, ‘ಅಡ್ವಾನ್ಸ್’ ಎಂದು ಎರಡು ಚೌಕ ಅಚ್ಚಾಗಿರುತ್ತವೆ. ಮೇಲಿನ ಪಟ್ಟಿಯ ಯಾರನ್ನು ಯಾವ ಚೌಕಕ್ಕೆ ಹಾಕುತ್ತೀರಿ? ಅಳತೆಗೋಲು ಬೆರಳಾದರೆ ಅಮ್ಮ ಮೊದಲು, ಹುಡುಗ ಕೊನೆ. ಅಳತೆಗೋಲು ಧೈರ್ಯವಾದರೆ ಸಾಲು ತಿರುಗಾಮುರುಗ. ಪಹಣಿಯಾದರೆ ಗೌಡರ ಮುಂದೆ ನೀವೂ ಬೇಸಿಕ್. ಫಾರಂ ಎಸೆಯಬೇಡಿ, ಹಿಂಬದಿ ಖಾಲಿ ಇದೆ, ಪ್ರಿಂಟರ್ ಪರೀಕ್ಷೆಗೆ ಆಗುತ್ತದೆ.

ಸಾಮರ್ಥ್ಯ

ಈ ಉಪಕರಣದ ಸರ್ಕಾರಿ ಅಳತೆ ಒಂದಿತ್ತು. 2017ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ ಮನೆಗೊಬ್ಬರಂತೆ ಆರು ಕೋಟಿ ಗ್ರಾಮೀಣ ಕುಟುಂಬಗಳು ಗುರಿ. ವಯಸ್ಸು 14ರಿಂದ 60. ಅವಧಿ ಎಲ್ಲರಿಗೂ 20 ಗಂಟೆ. ಹದಿನಾಲ್ಕರ ಹುಡುಗಿಗೂ ಅರವತ್ತರ ಅಜ್ಜಿಗೂ ಅದೇ ಇಪ್ಪತ್ತು. ದೆಹಲಿಯಲ್ಲಿ ಕೂತವರಿಗೆ ಇದು ಸಮಾನತೆಯಾಗಿ ಕಂಡಿರಬೇಕು. ದೆಹಲಿಯನ್ನು ದೂರಲು ನಮಗೆ ಬಾಯಿಲ್ಲ. ಇದೇ ತಾಲ್ಲೂಕಿನ ಹರದನಹಳ್ಳಿಯವರೊಬ್ಬರು 1996ರಲ್ಲಿ ಅಲ್ಲಿಗೆ ಹೋಗಿ ಪ್ರಧಾನಿಯೇ ಆದರು, ಹಾಗಾಗಿ ದೆಹಲಿ ಇಲ್ಲಿನವರಿಗೆ ದೂರವೆನಿಸುವುದಿಲ್ಲ. ದೂರ ಇರುವುದು ಡಬಲ್ ಕ್ಲಿಕ್ಕು.

ಜೋಡಣೆ

ಮೊದಲ ದಿನ ಎಲ್ಲರೂ ತಮಗೆ ತೋಚಿದಲ್ಲಿ ಕೂರುತ್ತಾರೆ. ಬಿಡಿ. ಎರಡನೇ ದಿನ ನೀವು ಕೂರಿಸಿ. ‘ಗೊತ್ತಿದ್ದವರ ಪಕ್ಕ ಗೊತ್ತಿಲ್ಲದವರು’ ಎಂಬ ಸಲಹೆಯನ್ನು ಬಹಳ ಜನ ಕೊಡುತ್ತಾರೆ. ಹಾಗೆ ಮಾಡಿದರೆ ಗೊತ್ತಿದ್ದವರು ಮಾಡುತ್ತಾರೆ, ಗೊತ್ತಿಲ್ಲದವರು ‘ಓಹೋ’ ಎನ್ನುತ್ತಾರೆ, ತಿಂಗಳು ಮುಗಿಯುತ್ತದೆ. ಒಬ್ಬರಿಗೊಬ್ಬರು ಬೇಕಾಗುವಂತೆ ಕೂರಿಸಿ. ಹುಡುಗನ ಪಕ್ಕ ಗೌಡರು, ಕಾರಣ ಕೆಳಗಿದೆ. ಟೈಪಿಂಗ್ ಅಮ್ಮನ ಎರಡು ಪಕ್ಕಕ್ಕೂ ನೋಟ್ಸ್ ಹುಡುಗಿಯರು, ಅವರ ಪೆನ್ನು ಕಿತ್ತಿಟ್ಟುಕೊಂಡು.

ಮೇಷ್ಟ್ರನ್ನು ಎಲ್ಲಿ ಕೂರಿಸುವುದೆಂದು ಯೋಚಿಸುವ ಮುಂಚೆ ಅವರ ಹಳೆಯ ಕೆಲಸ ವಿಚಾರಿಸಿ, ನಲಿ-ಕಲಿ ನಡೆಸಿದವರಿರುತ್ತಾರೆ. ಒಂದೇ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ಇಲ್ಲೇ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದದ್ದು, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಅಲ್ಲಿ ಪಾಠಪುಸ್ತಕದ ಬದಲು ಗೋಡೆಗೆ ಒಂದು ಕಲಿಕಾ ಏಣಿ. ಪ್ರತಿ ಮಗುವೂ ತಾನು ನಿಂತ ಮೆಟ್ಟಿಲು ನೋಡಿ, ಕಾರ್ಡು ತೆಗೆದುಕೊಂಡು, ಆ ಕಾರ್ಡಿಗೆ ತಕ್ಕ ಗುಂಪಿಗೆ ಹೋಗಿ ಕೂರುತ್ತದೆ. ಆ ಗುಂಪಿಗೆ ತಟ್ಟೆ ಎನ್ನುತ್ತಾರೆ. ಒಂದು ತಟ್ಟೆಯಲ್ಲಿ ಟೀಚರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರೆಬರೆ, ಮತ್ತೊಂದರಲ್ಲಿ ಸಹಪಾಠಿಗಳೇ ನೆರವು, ಕೊನೆಯದರಲ್ಲಿ ಮಗು ತಾನೇ. ವಾರಗಟ್ಟಲೆ ಶಾಲೆ ತಪ್ಪಿಸಿ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತದೆ. ಸುಗ್ಗಿ, ಮದುವೆ, ಸೂತಕ, ಗ್ರಾಮಸಭೆ ಎಂದು ತಪ್ಪಿಸಿಕೊಳ್ಳುವ ನಿಮ್ಮ ಬ್ಯಾಚಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆಯನ್ನು ಯಾವ ಸಾಫ್ಟ್‌ವೇರ್ ಕಂಪನಿಯೂ ಮಾಡಿಕೊಟ್ಟಿಲ್ಲ.

ಆದ್ದರಿಂದ ಮೇಷ್ಟ್ರಿಗೆ ಒಂದು ರಟ್ಟು ಕೊಡಿ, ಏಣಿ ಬರೆದುಕೊಡಲು ಕೇಳಿ. ಫೈಲ್ ಸೇವ್ ಮಾಡುವುದು ಹೇಗೆಂದು ಅವರಿಗೆ ಗೊತ್ತಿಲ್ಲದಿರಬಹುದು. ಯಾವುದು ಆದಮೇಲೆ ಯಾವುದು ಬರಬೇಕು, ಒಂದು ಮೆಟ್ಟಿಲು ಎಷ್ಟು ಎತ್ತರ ಇದ್ದರೆ ಕಾಲು ಎಟುಕುತ್ತದೆ ಎಂಬುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಮೊದಲ ಸಲ ಚಾಲೂ ಮಾಡುವಾಗ

ಡಬಲ್ ಕ್ಲಿಕ್ ಎಂದರೆ ಎರಡು ಒತ್ತಿನ ನಡುವೆ ಅರ್ಧ ಸೆಕೆಂಡಿಗಿಂತ ಹೆಚ್ಚು ಬಿಡಬಾರದು. ವಿಂಡೋಸ್ ಕಾರ್ಖಾನೆಯಿಂದ ಬರುವಾಗಲೇ ಹಾಗೆ, 500 ಮಿಲಿಸೆಕೆಂಡ್. ಗುದ್ದಲಿ ಹಿಡಿದ ಕೈ ಅಷ್ಟರೊಳಗೆ ಎರಡು ಸಲ ಒತ್ತಬಲ್ಲದು, ಆದರೆ ಒತ್ತುವಾಗ ಮೌಸೂ ಒಂದಿಷ್ಟು ಸರಿಯುತ್ತದೆ, ಫೋಲ್ಡರು ತೆರೆಯುವ ಬದಲು ಜಾಗ ಬದಲಿಸುತ್ತದೆ. ‘ಇದೇನ್ ಸಾರ್, ಮುಟ್ಟಿದ್ರೆ ಓಡೋಯ್ತದೆ’ ಎನ್ನುತ್ತಾರೆ ಗೌಡರು. ‘ಬೇಗ ಬೇಗ ಒತ್ತಿ’ ಎಂದು ಹೇಳಬೇಡಿ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಮೌಸಿನ ಡಬಲ್ ಕ್ಲಿಕ್ ವೇಗ ಇಳಿಸಿ. ಅದೂ ಆಗದಿದ್ದರೆ ಒಂದು ಸಲ ಒತ್ತಿ ಎಂಟರ್ ಹೊಡೆಯಲು ಹೇಳಿ. ಮನುಷ್ಯನ ಕೈ ತಿದ್ದುವುದಕ್ಕಿಂತ ಯಂತ್ರ ತಿದ್ದುವುದು ಅಗ್ಗ. ಈ ಸವಲತ್ತು ಯಂತ್ರದೊಳಗೇ ಇದ್ದೂ ಬಹಳಷ್ಟು ಕ್ಲಾಸುಗಳಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ.

ಹಿಡಿದು ಎಳೆಯುವ ಪಾಠಕ್ಕೆ ಇಸ್ಪೀಟು ತೆಗೆಯಿರಿ. 1990ರಲ್ಲಿ ವಿಂಡೋಸ್ 3.0ರ ಜೊತೆ ಸಾಲಿಟೇರ್ ಆಟ ಬಂತು; ಮೌಸನ್ನೇ ಕಾಣದ ಜನರ ಕೈಗೆ ಎಳೆದು ಬಿಡುವ ಅಭ್ಯಾಸ ಅದರಿಂದ ಆಯಿತು. ಗೌಡರಿಗೆ ಎಲೆಗಳ ವಿಷಯದಲ್ಲಿ ನೀವು ಹೇಳಿಕೊಡಬೇಕಾದದ್ದು ಏನೂ ಇಲ್ಲ. ಕೆಂಪು ಒಂಬತ್ತನ್ನು ಕಪ್ಪು ಹತ್ತರ ಮೇಲಿಡುವ ಆತುರದಲ್ಲಿ ಬೆರಳು ತಾನಾಗಿ ಗುಂಡಿ ಒತ್ತಿ ಹಿಡಿಯುತ್ತದೆ. ಕ್ಲಾಸಿನಲ್ಲಿ ಇಸ್ಪೀಟು ಆಡಿಸುತ್ತಾರೆಂದು ಊರಲ್ಲಿ ಸುದ್ದಿಯಾದರೆ ಮುಂದಿನ ಬ್ಯಾಚು ಬೇಗ ತುಂಬುತ್ತದೆ.

ಎಚ್ಚರಿಕೆ

ವಿದ್ಯಾರ್ಥಿಯ ಕೈಯಿಂದ ಮೌಸ್ ಕಿತ್ತುಕೊಳ್ಳಬೇಡಿ.

ಬಾಗಿ, ‘ಹೀಗಲ್ಲಮ್ಮ, ಕೊಡಿ ಇಲ್ಲಿ’ ಎಂದು ನೀವೇ ಟಕಟಕ ಮಾಡಿ ತೋರಿಸಿದಾಗ ಆ ಯಂತ್ರದ ಸಮಸ್ಯೆ ಬಗೆಹರಿಯುತ್ತದೆ, ಆ ಮನುಷ್ಯರ ಸಮಸ್ಯೆ ಹಾಗೇ ಇರುತ್ತದೆ. ಜೊತೆಗೆ ನಿಮ್ಮ ಕೈಗೆ ಮಾತ್ರ ಬಗ್ಗುವ ಯಂತ್ರ ಇದು ಎಂಬ ನಂಬಿಕೆ ಬಲಿಯುತ್ತದೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯಿರಿ. ಬಾಯಲ್ಲಿ ಹೇಳಿ. ‘ಅಲ್ಲಿ’, ‘ಅದರ ಮೇಲೆ’ ಎಂಬ ಮಾತುಗಳು ಬೇಡ. ‘ಎಡಗಡೆ ಮೇಲಿನ ಮೂಲೆಯಲ್ಲಿ ಫೈಲ್ ಎಂದಿದೆ ನೋಡಿ’ ಎನ್ನಿ. ನಿಮಗಿಂತ ಹೆಚ್ಚು ಅಪಾಯಕಾರಿ ಬಿ.ಸಿ.ಎ. ಹುಡುಗ, ಪಕ್ಕದವರ ಮೌಸಿಗೆ ಅವನ ಕೈ ನೀವು ನೋಡುವಷ್ಟರಲ್ಲಿ ಹೋಗಿರುತ್ತದೆ. ಅವನ ಕೈಗೆ ಚಹದ ಲೋಟ ಕೊಟ್ಟಿರಿ.

ಕನ್ನಡದ ಅಳವಡಿಕೆ

ಬ್ಯಾಚಿನ ಅಂತರ ಇಳಿಸಬೇಕಾದರೆ ಎರಡನೇ ವಾರದಲ್ಲಿ ಕನ್ನಡ ಟೈಪಿಂಗ್ ಹಾಕಿ. ಆ ದಿನ ಎಲ್ಲರೂ ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತಾರೆ, ಹುಡುಗನೂ ಸೇರಿ.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವ ಕೀಲಿಮಣೆಯ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ, ಸರ್ಕಾರ ಒಪ್ಪಿದ್ದೂ ಅದನ್ನೇ. ಅಕ್ಷರಕ್ಕೊಂದು ಕೀ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಪಾಠದ ಕ್ರಮಕ್ಕೆ ಪುಸ್ತಕ ಬೇಡ, ಬಸ್ ಸ್ಟ್ಯಾಂಡಿನ ಬೋರ್ಡು ಸಾಕು. ಮೊದಲು ಹಾಸನ: ಎಚ್, ಶಿಫ್ಟ್ ಎ, ಎಸ್, ಎನ್. ನಾಲ್ಕೇ ಹೊಡೆತಕ್ಕೆ ಜಿಲ್ಲಾ ಕೇಂದ್ರ. ಆಮೇಲೆ ನಮ್ಮೂರು: ಎಚ್, ಓ, ಶಿಫ್ಟ್ ಎಲ್, ಇ, ಎನ್, ಆರ್, ಎಸ್, ಶಿಫ್ಟ್ ಐ, ಪಿ, ಯು, ಆರ್. ಉದ್ದ ಹೆಸರು, ಆದರೆ ಒಂದೂ ಒತ್ತಿಲ್ಲ. ಅರಕಲಗೂಡಿಗೆ ಬಂದಾಗ ಒಂದು ಗಲಾಟೆ: ಡ ಇರುವುದು ಡಿ ಮೇಲಲ್ಲ, ಡಬ್ಲ್ಯು ಮೇಲೆ. ಡಿ ಒತ್ತಿದರೆ ಅರಕಲಗೂದು ಆಗುತ್ತದೆ, ಆ ಕಡೆಯವರು ಯಾರಾದರೂ ಇದ್ದರೆ ಜಗಳಕ್ಕೆ ಬರುತ್ತಾರೆ. ಕಡೆಗೆ ಚನ್ನರಾಯಪಟ್ಟಣ. ಇಲ್ಲಿ ಎರಡು ಒತ್ತು, ಎರಡಕ್ಕೂ ಎಫ್ ಬೇಕು: ಎನ್, ಎಫ್, ಎನ್ ಎಂದರೆ ನ್ನ, ಕ್ಯೂ, ಎಫ್, ಕ್ಯೂ ಎಂದರೆ ಟ್ಟ.

ಎಫ್ ಕೀಯನ್ನು ಬೆರಳಿಂದ ಸವರಿ ನೋಡಲು ಹೇಳಿ. ಸಣ್ಣ ಉಬ್ಬಿದೆ. ನೋಡದೆ ಟೈಪ್ ಮಾಡುವವರ ಎಡಗೈ ತೋರುಬೆರಳು ಕೂರುವ ಮನೆ ಅದು. ಹೆಜ್ಜೆಹೆಜ್ಜೆಗೂ ಒತ್ತು ಬೇಡುವ ಭಾಷೆಗೆ ಒತ್ತಿನ ಕೀ ಬೆರಳಡಿಯಲ್ಲೇ ಸಿಕ್ಕಿದೆ. ಟೈಪಿಂಗ್ ಅಮ್ಮ ಇದನ್ನು ತಕ್ಷಣ ಮೆಚ್ಚಿಕೊಳ್ಳುತ್ತಾರೆ. ಹಳೆಯ ಕನ್ನಡ ಯಂತ್ರದ ಕೀಗಳ ಜಾಗವೇ ಬೇರೆಯಾದ್ದರಿಂದ ಎರಡು ದಿನ ಬೆರಳುಗಳು ಹಳೇ ಮನೆಗೆ ಹೋಗಿ ಬಾಗಿಲು ತಟ್ಟುತ್ತವೆ. ಮೂರನೇ ದಿನ ಅವರನ್ನು ಹಿಡಿಯುವವರಿಲ್ಲ. ಹುಡುಗ ಆಗಿನ್ನೂ ‘ಪಟಣ’ದಲ್ಲಿರುತ್ತಾನೆ.

ಅಮ್ಮನ ಎರಡು ಹಳೆಯ ಅಭ್ಯಾಸಗಳ ಮೇಲೆ ಕಣ್ಣಿಡಿ. ಪ್ರತಿ ಸಾಲಿನ ಕೊನೆಗೂ ಎಂಟರ್ ಹೊಡೆಯುತ್ತಾರೆ, ಏಕೆಂದರೆ ಟೈಪ್‌ರೈಟರಿನಲ್ಲಿ ಗಂಟೆ ಬಾರಿಸಿದ ಕೂಡಲೇ ಕ್ಯಾರೇಜ್ ತಳ್ಳಬೇಕಿತ್ತು. ಆಮೇಲೆ ಅಕ್ಷರದ ಗಾತ್ರ ಬದಲಿಸಿದರೆ ಸಾಲುಗಳು ಅರ್ಧಕ್ಕೇ ತುಂಡಾಗಿ, ಅರ್ಜಿ ನವ್ಯಕಾವ್ಯವಾಗುತ್ತದೆ. ಎರಡನೆಯದು ಇನ್ನೂ ಕಳ್ಳತನದ್ದು. ಇಂಗ್ಲಿಷ್ ಟೈಪ್‌ರೈಟರುಗಳಲ್ಲಿ ಎಷ್ಟೋ ಮಾದರಿಗಳಿಗೆ ಒಂದು ಎಂಬ ಅಂಕಿಯ ಕೀಯೇ ಇರಲಿಲ್ಲ, ಸಣ್ಣ ಎಲ್ ಅಕ್ಷರವೇ ಒಂದು. ಅದೇ ರೂಢಿಯಲ್ಲಿ ಎಕ್ಸೆಲ್ ತುಂಬಿದರೆ ನೋಡಲು ಎಲ್ಲ ಸರಿ, ಮೊತ್ತ ಮಾತ್ರ ತಪ್ಪು. ಎಕ್ಸೆಲ್ ಪಾಲಿಗೆ ಅದು ಅಂಕಿಯಲ್ಲ, ಅಕ್ಷರ, ಲೆಕ್ಕಕ್ಕಿಲ್ಲ.

ಪ್ರಥಮ ದರ್ಜೆ ಸಹಾಯಕರು ಕಚೇರಿಯಿಂದ ಪೆನ್ ಡ್ರೈವಿನಲ್ಲಿ ಒಂದು ಕಡತ ತಂದೇ ತರುತ್ತಾರೆ. ಹಳೆಯ ನುಡಿಯಲ್ಲಿ ಟೈಪಿಸಿದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಹೊಳೆನರಸೀಪುರ ಎಂದಿರಬೇಕಾದಲ್ಲಿ ಳೆ ಜಾಗಕ್ಕೆ ಕಾಲು ಭಾಗದ ಗುರುತು, ನ ಜಾಗಕ್ಕೆ ಬ್ರಿಟನ್ನಿನ ಪೌಂಡು, ಪ ಜಾಗಕ್ಕೆ ಜಪಾನಿನ ಯೆನ್ನು ಕಾಣಿಸುತ್ತದೆ. ಅವರು ವೈರಸ್ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಯಂತ್ರ ಉಳಿಸಿಕೊಳ್ಳುತ್ತಿದ್ದದ್ದು ಆ ವಿದೇಶಿ ಗುರುತುಗಳನ್ನೇ. ಫಾಂಟು ಮೇಲಿನಿಂದ ಕನ್ನಡದ ವೇಷ ತೊಡಿಸುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಕ್ಕೆ ಅದರದೇ ನಂಬರಿದೆ, ವೇಷ ಬೇಕಿಲ್ಲ. ಪರಿವರ್ತಕದಲ್ಲಿ ಹಾಕಿ ತೋರಿಸಿ. ಪೌಂಡು ಯೆನ್ನುಗಳೆಲ್ಲ ಕರಗಿ ಊರ ಹೆಸರು ಬಂದಾಗ ಇವರು ಮೊದಲ ಬಾರಿಗೆ ಪರೀಕ್ಷೆಗೆ ಬಾರದ ಪ್ರಶ್ನೆ ಕೇಳುತ್ತಾರೆ.

ಹೆಚ್ಚುವರಿ ಉಪಯೋಗ: ಪಹಣಿ

ಇಂಟರ್‌ನೆಟ್ ಪಾಠಕ್ಕೆ ಬೇರೇನೂ ಹುಡುಕಬೇಡಿ, ಭೂಮಿ ಜಾಲತಾಣ ತೆಗೆಯಿರಿ. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹತ್ತಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗತೊಡಗಿದವು. ಈ ಜನಕ್ಕೆ ಕಂಪ್ಯೂಟರ್ ಎಂಬುದರ ಮೊದಲ ಪರಿಚಯ ಆ ಕಿಟಕಿಯ ಆಚೆಬದಿಯಿಂದ. ಈಗ ಈಚೆಬದಿಗೆ ಕೂರಿಸಿ.

ಜಿಲ್ಲೆ ಹಾಸನ, ತಾಲ್ಲೂಕು ಹೊಳೆನರಸೀಪುರ, ಹೋಬಳಿ ಎಂದಾಗ ಕಸಬಾ, ಹಳೇಕೋಟೆ, ಹಳ್ಳಿಮೈಸೂರು ಎಂದು ಪಟ್ಟಿ ಇಳಿಯುತ್ತದೆ. ಅಲ್ಲಿಯವರೆಗೆ ಹುಡುಗ ಸಲೀಸು. ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂದು ಕೇಳಿದಾಗ ಅವನ ಬೆರಳು ನಿಲ್ಲುತ್ತದೆ. ಗೌಡರಿಗೆ ಅವೆಲ್ಲ ಬಾಯಿಪಾಠ. ಅಣ್ಣನದು, ತಮ್ಮನದು, ಮಾರಿದ್ದು, ಕೇಸಿನಲ್ಲಿರುವುದು, ಎಲ್ಲದರ ನಂಬರನ್ನೂ ಹೇಳುತ್ತಾರೆ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಬ್ಯಾಂಕಿನ ಸಾಲ ಕೂತಿದೆ ಎಂದು ಓದಿ ಹೇಳುವಾಗ ಆರು ಹುಡುಗಿಯರೂ ಎದ್ದು ಬಂದು ಹಿಂದೆ ನಿಲ್ಲುತ್ತಾರೆ. ‘ನಮ್ಮದೂ ನೋಡಿ ತಾತ’ ಎಂದು ಅಪ್ಪನಿಗೆ ಫೋನು ಹಚ್ಚಿ ಸರ್ವೆ ನಂಬರ್ ಕೇಳುವವರೂ ಇವರೇ. ನೋಟ್ಸ್ ಬರೆಯುವುದು ಅಂದಿಗೆ ನಿಂತಿತು ಎಂದು ತಿಳಿಯಿರಿ.

ಮಾರನೇ ದಿನ ಎಕ್ಸೆಲ್. ಗೌಡರ ಎರಡು ತುಂಡು ಜಮೀನನ್ನು ಕೂಡಿಸಿಕೊಡಲು ಹುಡುಗನಿಗೆ ಹೇಳಿ: 2.30 ಮತ್ತು 1.20. ಅವನು ಎರಡು ಚೌಕದಲ್ಲಿ ತುಂಬಿ ಸೂತ್ರ ಹಾಕಿ 3.5 ಎಂದು ತೋರಿಸುತ್ತಾನೆ. ಗೌಡರು ತೆರೆಯನ್ನು ನೋಡುತ್ತಾರೆ, ಹುಡುಗನನ್ನು ನೋಡುತ್ತಾರೆ. ‘ಅರ್ಧ ಎಕ್ರೆಗಿಂತ ಜಾಸ್ತಿ ನುಂಗ್ಬುಡ್ತಲ್ಲಪ್ಪಾ ನಿನ್ ಕಂಪ್ಯೂಟ್ರು.’ ಲೆಕ್ಕ ಅವರದೇ ಸರಿ. ಪಹಣಿಯಲ್ಲಿ ಚುಕ್ಕಿಯ ಬಲಗಡೆ ಇರುವುದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೂವತ್ತೂ ಇಪ್ಪತ್ತೂ ಸೇರಿ ಐವತ್ತು, ನಲವತ್ತು ಕಳೆದರೆ ಹತ್ತು ಉಳಿಯಿತು. ಒಟ್ಟು ನಾಲ್ಕು ಎಕರೆ ಹತ್ತು ಗುಂಟೆ. ಗೌಡರು ಇದನ್ನು ಬೆರಳ ಗೆಣ್ಣಿನ ಮೇಲೆ ಮಾಡಿರುತ್ತಾರೆ.

ಇಲ್ಲಿ ನೀವು ಬಾಯಿ ಹಾಕಬೇಡಿ. ಹುಡುಗ ಮೊದಲು ಎಕ್ಸೆಲ್ ಪರ ವಾದಿಸುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ, ಆಮೇಲೆ ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ ಮಾಡುತ್ತಾನೆ. ಗುಂಟೆಯ ಮೊತ್ತವನ್ನು ನಲವತ್ತರಿಂದ ಭಾಗಿಸಿ, ಬಂದದ್ದನ್ನು ಎಕರೆಗೆ ಸೇರಿಸಿ, ಉಳಿದದ್ದನ್ನು ಗುಂಟೆಯಲ್ಲಿ ಬಿಡುವ ಸೂತ್ರ ಹಾಕಲು ಅವನಿಗೆ ಒಂದು ಗಂಟೆ ಹಿಡಿಯುತ್ತದೆ. ತರಗತಿಯ ಅತಿ ಕಷ್ಟದ ಪಾಠ ಅದೇ, ಯಾವ ಪಠ್ಯಕ್ರಮದಲ್ಲೂ ಇಲ್ಲ. ಗೌಡರು ಪಕ್ಕದಲ್ಲಿ ಕೂತು ಬೇರೆ ಬೇರೆ ಲೆಕ್ಕ ಕೊಟ್ಟು ಸೂತ್ರ ಪರೀಕ್ಷಿಸುತ್ತಾರೆ. ಬೆಂಗಳೂರಿನ ಕಂಪನಿಗಳಲ್ಲಿ ಈ ಕೆಲಸಕ್ಕೇ ಒಂದು ಹುದ್ದೆ, ಒಂದು ಸಂಬಳ ಇದೆ.

ದೋಷ ಮತ್ತು ಪರಿಹಾರ

ಕರೆಂಟು ಹೋದರೆ: ಯುಪಿಎಸ್ ಕೂಗುವಷ್ಟರಲ್ಲಿ ಕಂಟ್ರೋಲ್ ಎಸ್ ಒತ್ತುವವರು ಪಾಸು. ಸೇವ್ ಮಾಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆ ಗುರು ಸಿಗುವುದಿಲ್ಲ.

ಇಮೇಲ್ ಖಾತೆ ತೆರೆಯುವಾಗ ಓಟಿಪಿ ಬಾರದಿದ್ದರೆ: ಬಂದಿದೆ. ಬೆಂಗಳೂರಿನ ಪೀಣ್ಯದಲ್ಲಿರುವ ಮಗನ ಫೋನಿಗೆ. ಮಗ ಶಿಫ್ಟಿನಲ್ಲಿದ್ದಾನೆ. ಓಟಿಪಿಯ ಪಾಠವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಪಾಸ್‌ವರ್ಡ್ ಮರೆತರೆ: ನೋಟ್ಸ್ ಹುಡುಗಿಯರ ಪುಸ್ತಕದಲ್ಲಿ ಇಡೀ ಬ್ಯಾಚಿನ ಪಾಸ್‌ವರ್ಡ್ ಇರುತ್ತದೆ, ಕೆಂಪು ಶಾಯಿಯಲ್ಲಿ. ಕೂಡಲೇ ಎಲ್ಲವನ್ನೂ ಬದಲಿಸಿ.

ಸಂಜೆ ಇದ್ದಕ್ಕಿದ್ದಂತೆ ಅರ್ಧ ತರಗತಿ ಎದ್ದು ಹೋದರೆ: ನಿಮ್ಮ ಪಾಠದ ದೋಷವಲ್ಲ, ಹಳ್ಳಿಯ ಕೊನೆಯ ಬಸ್ಸು. ಮುಖ್ಯವಾದದ್ದನ್ನು ಅದಕ್ಕೂ ಮುಂಚೆ ಮುಗಿಸಿ. ಉಳಿದ ಊರಿನವರ ಜೊತೆ ಇಸ್ಪೀಟು ತೆಗೆಯಿರಿ.

ಅಂಗನವಾಡಿ ಟೀಚರು ಗಾಜು ಒತ್ತುವುದು ನಿಲ್ಲಿಸದಿದ್ದರೆ: ಬಟ್ಟೆ ಒಂದು ಇಟ್ಟುಕೊಳ್ಳಿ. ಅವರು ತಪ್ಪೇನೂ ಮಾಡುತ್ತಿಲ್ಲ, ನಿಮ್ಮ ಮಾನಿಟರು ಹಳತು.

ವಾರಂಟಿ

ಸರ್ಟಿಫಿಕೇಟು ಕೊಟ್ಟ ದಿನಕ್ಕೆ ನಿಮ್ಮ ಜವಾಬ್ದಾರಿ ಮುಗಿಯುತ್ತದೆ. ಕೆಳಗಿನವು ವಾರಂಟಿಯೊಳಗೆ ಬರುವುದಿಲ್ಲ: ಮಗಳಿಗೆ ವೀಡಿಯೊ ಕಾಲ್ ಮಾಡುವಾಗ ಮೇಷ್ಟ್ರ ಹಣೆ ಮಾತ್ರ ಕಾಣುವುದು, ನಾಮಕರಣದ ಕಾರ್ಡಿನ ಡಿಟಿಪಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಹೊಂದಾಣಿಕೆ ಆಗದಿರುವುದು, ಟಿವಿ ರಿಮೋಟು, ಗೌಡರ ತಮ್ಮನ ಪಹಣಿಯ ಹನ್ನೊಂದನೇ ಕಾಲಂ. ಈ ಎಲ್ಲವನ್ನೂ ನೀವು ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಮಾಡಿಕೊಡುತ್ತೀರಿ, ಅವರದೇ ಫೋನಿನಲ್ಲಿ, ಚಾರ್ಜು ನಾಲ್ಕು ಪರ್ಸೆಂಟ್ ಇರುವಾಗ. ಫೋನು ಅವರ ಕೈಯಲ್ಲೇ ಇರಲಿ.